ಪೆಥಾಲಜಿ ಎಂಡಿ: ಸೀಟು ಆರಿಸುವುದರಿಂದ ಫೆಲೋಶಿಪ್‌ವರೆಗೆ

ಪಿಜಿ ಕೌನ್ಸೆಲಿಂಗ್ (ಎಂಬಿಬಿಎಸ್ ನಂತರದ ಎಂಡಿ ಸೀಟುಗಳ ಹಂಚಿಕೆ) ಶುರುವಾದ ವಾರ ಜೂನಿಯರ್‌ಗಳ ಫೋನ್ ಬರುತ್ತದೆ. “ಮೇಡಂ, ನನ್ನ ರ‍್ಯಾಂಕಿಗೆ ಮೆಡಿಸಿನ್ ಸಿಗಲ್ಲ. ಪೆಥಾಲಜಿ ತಗೊಳ್ಳಲಾ?” ಮನೆಯಲ್ಲಿ ಯಾರೋ “ಅಂದ್ರೆ ಲ್ಯಾಬ್ ಡಾಕ್ಟರಾ?” ಅಂತ ಮೂಗು ಮುರಿದಿದ್ದಾರೆ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ. ಪೆಥಾಲಜಿ ಅಂದರೆ ದೇಹದಿಂದ ತೆಗೆದ ತುಂಡು, ರಕ್ತ ಪರೀಕ್ಷಿಸಿ ಕಾಯಿಲೆ ಯಾವುದು ಅಂತ ಹೇಳುವ ಬ್ರಾಂಚ್.

ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಇಡೀ ದಿನ ಒಬ್ಬ ಪೇಷಂಟ್ ಜೊತೆಗೂ ಮಾತಾಡದಿದ್ದರೆ ನಿಮಗೆ ಬೇಜಾರಾಗುತ್ತಾ? ಹೌದು ಅಂದರೆ ಈ ಬ್ರಾಂಚ್ ಬೇಡ, ಇನ್ನೊಂದು ರೌಂಡ್ ಕಾಯಿರಿ. “ಅಯ್ಯೋ, ಅದೇ ಬೇಕಿತ್ತು” ಅಂದರೆ ಮುಂದೆ ಮಾತಾಡೋಣ. ಒಂದು ವಿಷಯ ಮಾತ್ರ ತಿಳಿದಿರಲಿ. ಆ ಗಂಟು ಕ್ಯಾನ್ಸರಾ ಅಲ್ವಾ ಅಂತ ಬರೆದು ಸಹಿ ಹಾಕುವವರು ನೀವು. ಆ ಸಹಿ ನೋಡಿಕೊಂಡು ಸರ್ಜನ್ ಒಬ್ಬರ ಸ್ತನ ತೆಗೆಯುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ಪೇಷಂಟ್ ಮುಖ ಹೆಚ್ಚಾಗಿ ನೋಡುವುದಿಲ್ಲ ಅನ್ನುವುದು ನಿಜ. ಹೊಣೆ ಕಮ್ಮಿ ಅನ್ನುವುದು ಸುಳ್ಳು.

ಇಂಟರ್ನ್‌ಶಿಪ್‌ನಲ್ಲಿ ಇನ್ನೂ ದಿನ ಉಳಿದಿದ್ದರೆ ಒಂದು ಮಧ್ಯಾಹ್ನ ನಿಮ್ಮ ಕಾಲೇಜಿನ ಗ್ರಾಸಿಂಗ್ ರೂಮಿಗೆ (ಆಪರೇಷನ್‌ನಲ್ಲಿ ತೆಗೆದ ಅಂಗವನ್ನು ಕತ್ತರಿಸಿ, ಪರೀಕ್ಷೆಗೆ ತುಂಡು ಆರಿಸುವ ಕೋಣೆ) ಹೋಗಿ ನಿಂತುಕೊಳ್ಳಿ. ಅಂಗ ಕೊಳೆಯದಂತೆ ಹಾಕಿಡುವ ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ, ಅದು ಎಲ್ಲರಿಗೂ. ಆದರೆ ತುಂಡು ಮಾಡಿದ ಕಿಡ್ನಿಯೊಳಗೆ ಏನಿದೆ ಅಂತ ಬಗ್ಗಿ ನೋಡಬೇಕು ಅನ್ನಿಸಿತಾ? ಅನ್ನಿಸಿದ್ದರೆ ಸಾಕು.

ಸೀಟಿಗೆ ಯಾವ ದಾರಿ

ದೊಡ್ಡ ದಾರಿ ನೀಟ್ ಪಿಜಿ ಪ್ರವೇಶ ಪರೀಕ್ಷೆ. 200 ಪ್ರಶ್ನೆ, 800 ಅಂಕ, ಮೂರೂವರೆ ಗಂಟೆ. ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಸರ್ಕಾರಿ ಕಾಲೇಜುಗಳ ಅರ್ಧ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅವನ್ನು ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ (ಎಂಸಿಸಿ) ಹಂಚುತ್ತದೆ. ಉಳಿದ ಅರ್ಧ ಮತ್ತು ಕರ್ನಾಟಕದ ಖಾಸಗಿ ಕಾಲೇಜಿನ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್. ಡೀಮ್ಡ್ ಯೂನಿವರ್ಸಿಟಿಗಳು ಮತ್ತೆ ಎಂಸಿಸಿ ಕೈಯಲ್ಲಿ. ಎರಡೂ ಕಡೆ ಬೇರೆ ಬೇರೆ ನೋಂದಣಿ ಮಾಡಬೇಕು. ಇದನ್ನು ಮರೆತು ಸೀಟು ಕಳೆದುಕೊಂಡವರನ್ನು ನಾನೇ ಕಂಡಿದ್ದೇನೆ.

ಇನ್ನೊಂದು ದಾರಿ ರಾಷ್ಟ್ರೀಯ ಮಹತ್ವದ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಐಎನ್‌ಐ-ಸಿಇಟಿ. ಏಮ್ಸ್‌ಗಳು, ಚಂಡೀಗಡದ ಪಿಜಿಐ, ಪುದುಚೇರಿಯ ಜಿಪ್ಮರ್ ಇದರಲ್ಲಿ ಬರುತ್ತವೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಡಿಎನ್‌ಬಿ ಕೂಡ ಎಂಡಿಯಂತೆಯೇ 3 ವರ್ಷದ ಕೋರ್ಸು, ನೀಟ್ ಪಿಜಿ ರ‍್ಯಾಂಕಿನಿಂದಲೇ ಸಿಗುತ್ತದೆ. ಒಳ್ಳೆಯ ದೊಡ್ಡ ಆಸ್ಪತ್ರೆಯ ಡಿಎನ್‌ಬಿ ಸೀಟು, ಬೆಡ್ ಖಾಲಿ ಹೊಡೆಯುವ ಕಾಲೇಜಿನ ಎಂಡಿ ಸೀಟಿಗಿಂತ ಎಷ್ಟೋ ವಾಸಿ. ಇದನ್ನು ಒಪ್ಪದವರೂ ಇದ್ದಾರೆ, ಇರಲಿ.

ಸೇರುವ ಮೊದಲು ಬಾಂಡ್, ಸೀಟು ಬಿಟ್ಟರೆ ದಂಡ, ಸ್ಟೈಪೆಂಡ್ ಈ ಮೂರರ ಬಗ್ಗೆ ಕಾಗದದಲ್ಲಿ ಏನಿದೆ ಅಂತ ಓದಿ. ಬಾಯಿಮಾತು ನಂಬಬೇಡಿ.

ಕಾಲೇಜು ಆರಿಸುವಾಗ ಕೇಳಬೇಕಾದ್ದು

ಜನ ಜಾಸ್ತಿ ಎಡವುವುದು ಇಲ್ಲಿ. ಕಾಲೇಜಿನ ಹೆಸರು, ಊರು, ಹಾಸ್ಟೆಲ್ ನೋಡುತ್ತಾರೆ. ಪೆಥಾಲಜಿಗೆ ಬೇಕಾದ್ದು ಒಂದೇ, ಕೇಸು. ಮೆಡಿಸಿನ್ ಪಿಜಿ ವಿದ್ಯಾರ್ಥಿಗೆ ಪೇಷಂಟ್ ಹೇಗೋ ನಮಗೆ ಸ್ಪೆಸಿಮನ್ (ಪರೀಕ್ಷೆಗೆ ಬಂದ ಅಂಗ ಅಥವಾ ತುಂಡು) ಹಾಗೆ. ವರ್ಷಕ್ಕೆ ಎಷ್ಟು ಹಿಸ್ಟೋ (ಟಿಶ್ಯೂ ಪರೀಕ್ಷೆಯ) ಸ್ಪೆಸಿಮನ್ ಬರುತ್ತವೆ? ಅದರಲ್ಲಿ ಬರೀ ಅಪೆಂಡಿಕ್ಸ್, ಗಾಲ್ ಬ್ಲಾಡರ್, ಗರ್ಭಕೋಶವೇ ತುಂಬಿದೆಯಾ, ಇಲ್ಲ ಕ್ಯಾನ್ಸರ್ ಸರ್ಜರಿಯೂ ಇದೆಯಾ? ಕಿಡ್ನಿ ಬಯಾಪ್ಸಿ ಅಲ್ಲೇ ನೋಡುತ್ತಾರಾ, ಹೊರಗೆ ಕಳಿಸುತ್ತಾರಾ? ಇಮ್ಯುನೋ (ಆಂಟಿಬಾಡಿ ಬಳಸಿ ಟಿಶ್ಯೂಗೆ ಬಣ್ಣ ಹಿಡಿಸುವ ಪರೀಕ್ಷೆ) ಅಲ್ಲೇ ಮಾಡುತ್ತಾರಾ? ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ನೋಡಿ ಹೇಳುವ ಫ್ರೋಜನ್ ಬರುತ್ತಾ? ಬೋನ್ ಮ್ಯಾರೋ (ಮೂಳೆ ಮಜ್ಜೆ) ಪರೀಕ್ಷೆ ತಿಂಗಳಿಗೆ ಎಷ್ಟು?

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಸೈನ್‌ಔಟ್ ಮಾಡುವಾಗ, ಅಂದರೆ ಹಿರಿಯರು ಸ್ಲೈಡ್ ನೋಡಿ ಕೊನೆಯ ರಿಪೋರ್ಟ್ ಕೊಡುವಾಗ, ಪಿಜಿ ವಿದ್ಯಾರ್ಥಿ ಪಕ್ಕದಲ್ಲಿ ಕೂತಿರುತ್ತಾರಾ? ಐದು ಜನ ಒಟ್ಟಿಗೆ ನೋಡುವ ಪೆಂಟಾಹೆಡ್ ಮೈಕ್ರೋಸ್ಕೋಪ್ ಎಲ್ಲ ಕಡೆ ಇರುತ್ತದೆ. ಕೆಲವು ಕಡೆ ಅದಕ್ಕೆ ಹೊದಿಸಿದ ಕವರ್ ಇನ್‌ಸ್ಪೆಕ್ಷನ್ ದಿನ ಮಾತ್ರ ತೆಗೆಯುತ್ತಾರೆ. ನೀವು ಬರೆದ ರಿಪೋರ್ಟ್ ಒಳಗೆ ಹೋಗಿ, ತಿದ್ದಿ, ಟೈಪಾಗಿ ಹೊರಗೆ ಬಂತು, ಯಾಕೆ ತಿದ್ದಿದರು ಅಂತ ಯಾರೂ ಹೇಳಲಿಲ್ಲ ಅಂದರೆ ಆ 3 ವರ್ಷ ಸುಮ್ನೆ ಗುಮಾಸ್ತಗಿರಿ.

ಇದನ್ನೆಲ್ಲ ಎರಡನೇ ವರ್ಷದ ಪಿಜಿಯನ್ನು ಕೇಳಿ. ಮೊದಲ ವರ್ಷದವರು ಸುಸ್ತಾಗಿರುತ್ತಾರೆ, ಎಲ್ಲವೂ ಕೆಟ್ಟದು ಅನ್ನುತ್ತಾರೆ. ಕೊನೆ ವರ್ಷದವರಿಗೆ ಪರೀಕ್ಷೆಯ ಚಿಂತೆ. ಎರಡನೇ ವರ್ಷದವರು ನಿಜ ಹೇಳುತ್ತಾರೆ, ಅದೂ ಕಾಲೇಜಿನ ಹೊರಗೆ ಟೀ ಅಂಗಡಿಯಲ್ಲಿ ಸಿಕ್ಕರೆ.

ಮೊದಲ ಆರು ತಿಂಗಳು: ಗ್ರಾಸಿಂಗ್ ಟೇಬಲ್

ಹೊಸಬರೆಲ್ಲ ಮೈಕ್ರೋಸ್ಕೋಪ್‌ಗೆ ಓಡುತ್ತಾರೆ. ಗ್ರಾಸಿಂಗ್ ಅಂದರೆ ಕಟುಕರ ಕೆಲಸ ಅನ್ನುವ ಭಾವನೆ. ಆದರೆ ನೀವು ತೆಗೆಯದ ತುಂಡನ್ನು ಯಾವ ಮೈಕ್ರೋಸ್ಕೋಪೂ ತೋರಿಸುವುದಿಲ್ಲ. ಹಾಗಾಗಿ ಈ ಭಾಗ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರು, ನಂಬರ್, ಬಲವಾ ಎಡವಾ. ಡಬ್ಬಿ ಮೇಲಿನದ್ದು, ಫಾರ್ಮಿನಲ್ಲಿರುವುದು, ಒಳಗಿರುವ ಅಂಗ, ಮೂರೂ ತಾಳೆಯಾಗಬೇಕು. ಆಗಲಿಲ್ಲವಾ, ಚಾಕು ಕೆಳಗಿಡಿ, ಆಪರೇಷನ್ ಥಿಯೇಟರಿಗೆ ಫೋನ್ ಮಾಡಿ. ಬೈಸಿಕೊಂಡರೂ ಚಿಂತೆಯಿಲ್ಲ.

ಆಮೇಲೆ ಫಾರ್ಮಲಿನ್. ಸ್ಪೆಸಿಮನ್‌ನ ಹತ್ತು ಪಟ್ಟಾದರೂ ಇರಬೇಕು. ಸರ್ಜನ್‌ಗಳು ಉಪ್ಪಿನಕಾಯಿ ಭರಣಿಗೆ ತುಂಬಿದ ಹಾಗೆ ಒತ್ತಿ ತುಂಬಿ ಕಳಿಸುತ್ತಾರೆ. ಫಾರ್ಮಲಿನ್ ಒಳಗಿಳಿಯುವುದು ತೀರಾ ನಿಧಾನ, ಗಂಟೆಗೆ ಸುಮಾರು 1 ಮಿಲಿಮೀಟರ್. ಕೊಬ್ಬಿನಲ್ಲಿ ಇನ್ನೂ ನಿಧಾನ. ಅದಕ್ಕೇ ಸ್ತನದಂಥ ದೊಡ್ಡ ಸ್ಪೆಸಿಮನ್ ಬಂದ ಕೂಡಲೇ ಅಂಚುಗಳಿಗೆ ಇಂಕ್ ಹಚ್ಚಿ, ಅರ್ಧದಿಂದ ಒಂದು ಸೆಂಟಿಮೀಟರ್ ಅಂತರಕ್ಕೆ ಸೀಳಿ, ನಡುವೆ ಹತ್ತಿಯೋ ಗಾಜ್ ಬಟ್ಟೆಯೋ ಇಟ್ಟು ನೆನೆಹಾಕಬೇಕು.

ನಾನು ಮೊದಲ ವರ್ಷದಲ್ಲಿದ್ದಾಗ ಒಂದು ಶನಿವಾರ ಸಂಜೆ ಸ್ತನದ ಸ್ಪೆಸಿಮನ್ ಬಂತು. ಊರಿಗೆ ಹೋಗುವ ಬಸ್ಸು ಹಿಡಿಯುವ ಅವಸರ. ಡಬ್ಬಿಯಲ್ಲಿ ಫಾರ್ಮಲಿನ್ ಇದೆಯಲ್ಲ ಅಂತ ಹಾಗೇ ಇಟ್ಟು ಹೋದೆ. ಸೋಮವಾರ ಕತ್ತರಿಸಿದರೆ ಹೊರಗೆ ಒಂದು ಸೆಂಟಿಮೀಟರ್ ಗಟ್ಟಿ, ಒಳಗೆ ಕೊಳೆತ ಪಪ್ಪಾಯಿ. ಇಮ್ಯುನೋ ಮಾಡಿದಾಗ ಇಆರ್ (ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕ) ನೆಗೆಟಿವ್ ಬಂತು. ನಮ್ಮ ಪ್ರೊಫೆಸರ್ ಗಡ್ಡೆಯ ಪಕ್ಕದ ಆರೋಗ್ಯವಾದ ಡಕ್ಟ್‌ಗಳನ್ನು (ಹಾಲಿನ ನಾಳಗಳನ್ನು) ತೋರಿಸಿದರು. ಅವು ಬಣ್ಣ ಹಿಡಿಯಲೇಬೇಕಿತ್ತು, ಹಿಡಿದಿರಲಿಲ್ಲ. ಅಂದರೆ ನೆಗೆಟಿವ್ ಅನ್ನುವುದೇ ಸುಳ್ಳು, ಟಿಶ್ಯೂ ಹಾಳಾಗಿದೆ ಅಷ್ಟೆ. ಪುಣ್ಯಕ್ಕೆ ಆಪರೇಷನ್‌ಗಿಂತ ಮೊದಲು ತೆಗೆದ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ತುಂಡು) ಇತ್ತು. ಅದರಲ್ಲಿ ಪಾಸಿಟಿವ್. ಆ ಬ್ಲಾಕ್ ಇಲ್ಲದಿದ್ದರೆ ಆ ತಾಯಿಗೆ ವರ್ಷಗಟ್ಟಲೆ ಸಿಗಬೇಕಾದ ಹಾರ್ಮೋನ್ ಮಾತ್ರೆ ತಪ್ಪಿಹೋಗುತ್ತಿತ್ತು. ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸ್ತನ ಕ್ಯಾನ್ಸರ್ ಸ್ಪೆಸಿಮನ್ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಓದಿದಾಗ ಇದು ಬರೀ ಸಂಖ್ಯೆ. ನನಗೆ ಅದು ಒಂದು ಬಸ್ ಟಿಕೆಟ್.

ಕರುಳಿನ ಕ್ಯಾನ್ಸರ್ ಬಂದರೆ ಕನಿಷ್ಠ 12 ಲಿಂಫ್ ನೋಡ್ (ದುಗ್ಧ ಗ್ರಂಥಿ) ಹುಡುಕಬೇಕು. ಕಣ್ಣಿಗಿಂತ ಬೆರಳು ಚುರುಕು. ಅಕ್ಕಿಯಲ್ಲಿ ಕಲ್ಲು ಆರಿಸಿ ಅಭ್ಯಾಸ ಇರುವವರಿಗೆ ಇದು ಬೇಗ ಹತ್ತುತ್ತದೆ, ತಮಾಷೆಗೆ ಹೇಳುತ್ತಿಲ್ಲ. ಕೊಬ್ಬನ್ನು ಬೆರಳ ನಡುವೆ ಉಜ್ಜಿದರೆ ನೋಡ್ ತಡೆಯುತ್ತದೆ. ಎಂಟೇ ಸಿಕ್ಕವಾ, ಒಂದು ರಾತ್ರಿ ಫಾರ್ಮಲಿನ್‌ನಲ್ಲಿ ಬಿಟ್ಟು ಮರುದಿನ ಮತ್ತೆ ಕೂತುಕೊಳ್ಳಿ.

ನಮ್ಮ ಕಡೆ ಗುಟ್ಕಾ, ಹೊಗೆಸೊಪ್ಪಿನ ದೆಸೆಯಿಂದ ಬಾಯಿ ಕ್ಯಾನ್ಸರ್ ಸ್ಪೆಸಿಮನ್ ಬೇಕಾದಷ್ಟು. ದವಡೆ ಮೂಳೆಯ ಸಮೇತ ಬರುತ್ತದೆ. ಮೊದಲು ನೋಡಿದಾಗ ತಲೆಬುಡ ತಿಳಿಯುವುದಿಲ್ಲ. ಸರ್ಜನ್‌ರನ್ನೇ ಕರೆದು ಯಾವುದು ಮುಂದೆ, ಯಾವುದು ಹಿಂದೆ ಅಂತ ಕೇಳಿ ಚಿತ್ರ ಬರೆದುಕೊಳ್ಳಿ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದು ಈಗ ಸ್ಟೇಜಿಂಗ್‌ನಲ್ಲೇ ಬರುತ್ತದೆ. 5 ಮಿಲಿಮೀಟರ್ ದಾಟಿತಾ, 10 ದಾಟಿತಾ ಅನ್ನುವುದರ ಮೇಲೆ ಸ್ಟೇಜ್ ಬದಲಾಗುತ್ತದೆ. ಹಾಗಾಗಿ ಅತಿ ಆಳದ ಜಾಗದಿಂದ ತುಂಡು ತೆಗೆಯದಿದ್ದರೆ ರಿಪೋರ್ಟೇ ತಪ್ಪಾಗುತ್ತದೆ.

ಕ್ಯಾಸೆಟ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹಾಕುವ ತುಂಡು 3–4 ಮಿಲಿಮೀಟರ್ ದಪ್ಪ ಸಾಕು. ಮುಚ್ಚಳ ಒತ್ತಿ ಮುಚ್ಚುವ ಹಾಗಿದ್ದರೆ ಅದು ದಪ್ಪವಾಗಿದೆ ಅಂತಲೇ ಲೆಕ್ಕ. ಮಾಸ್ಕ್, ಗ್ಲೌಸ್ ಬಿಡಬೇಡಿ, ಎಕ್ಸಾಸ್ಟ್ ಫ್ಯಾನ್ ಕೆಟ್ಟಿದ್ದರೆ ಲಿಖಿತವಾಗಿ ದೂರು ಕೊಡಿ. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆ ಅನ್ನುವುದು ಸಾಬೀತಾದ ವಿಷಯ. ಕ್ಯಾನ್ಸರ್ ಹುಡುಕುವವರೇ ಅದನ್ನು ಮೂಗಿಗೆ ಎಳೆದುಕೊಳ್ಳುವುದು ಎಂಥ ಜಾಣತನ?

ಟೆಕ್ನಿಷಿಯನ್‌ಗಳ ಹತ್ತಿರ ಒಂದು ವಾರ ಕೂತು ಮೈಕ್ರೋಟೋಮ್‌ನಲ್ಲಿ 3–4 ಮೈಕ್ರಾನ್ ದಪ್ಪದ ಸೆಕ್ಷನ್ (ಸ್ಲೈಡಿಗೆ ಹಾಕುವ ತೆಳು ಪದರ) ಕತ್ತರಿಸುವುದು ಕಲಿಯಿರಿ. ಮೊದಲ ದಿನ ಒಂದೂ ಸರಿ ಬರಲ್ಲ. ಮುಂದೆ ಸ್ಲೈಡಿನಲ್ಲಿ ಗೆರೆ, ಮಡಿಕೆ ಕಂಡಾಗ ಅದು ಕಾಯಿಲೆಯಲ್ಲ, ಬ್ಲೇಡ್ ಮೊಂಡಾಗಿದೆ ಅಂತ ನಿಮಗೆ ತಟ್ಟನೆ ಹೊಳೆಯುತ್ತದೆ.

ಸ್ಲೈಡ್ ನೋಡುವ ಅಭ್ಯಾಸ

ಸ್ಲೈಡನ್ನು ಮೊದಲು ಬರಿಗಣ್ಣಿನಲ್ಲಿ ಬೆಳಕಿಗೆ ಹಿಡಿದು ನೋಡಿ. ಎಷ್ಟು ತುಂಡಿದೆ, ಎಲ್ಲಿ ನೀಲಿ ಜಾಸ್ತಿ? ಆಮೇಲೆ 4 ಎಕ್ಸ್ ಲೆನ್ಸ್. ಹೊಸಬರು ನೇರ 40 ಎಕ್ಸ್‌ಗೆ ಹಾರಿ ಒಂದೊಂದು ಜೀವಕೋಶವನ್ನೂ ಕ್ಯಾನ್ಸರ್ ಅನ್ನುತ್ತಾರೆ. ಊರು ನೋಡದೆ ಮನೆ ನೋಡಿದ ಹಾಗೆ.

ಸೈನ್‌ಔಟ್‌ಗೆ ಮುಂಚೆ ನಿಮ್ಮ ಡಯಾಗ್ನೋಸಿಸ್ ಕಾಗದದಲ್ಲಿ ಬರೆಯಿರಿ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಯಾಕೆಂದರೆ ಮೇಡಂ ಉತ್ತರ ಹೇಳಿದ ಮೇಲೆ “ನಾನೂ ಅದನ್ನೇ ಅಂದುಕೊಂಡಿದ್ದೆ” ಅಂತ ಮನಸ್ಸು ನಮಗೇ ಸುಳ್ಳು ಹೇಳುತ್ತದೆ. ತಪ್ಪಾದ ಕೇಸುಗಳಿಗೆ ಒಂದು ಬೇರೆ ನೋಟ್‌ಬುಕ್ ಇಡಿ. ನಂಬರ್, ನಾನು ಏನಂದೆ, ಏನಾಗಿತ್ತು, ಯಾವುದನ್ನು ನೋಡಲಿಲ್ಲ. ನನ್ನದು ಮೂರು ನೋಟ್‌ಬುಕ್ ಆಯಿತು. ಪರೀಕ್ಷೆಯ ಹಿಂದಿನ ವಾರ ನಾನು ಓದಿದ್ದು ಅದೊಂದನ್ನೇ.

ಹೆಮಟಾಲಜಿ (ರಕ್ತ ಪರೀಕ್ಷೆ) ಪೋಸ್ಟಿಂಗನ್ನು ಜನ ರೆಸ್ಟ್ ಅಂದುಕೊಳ್ಳುತ್ತಾರೆ. ಮಳೆಗಾಲ ಬರಲಿ, ಗೊತ್ತಾಗುತ್ತದೆ. ಡೆಂಗಿ ಅಂತ ರಾಶಿ ರಾಶಿ ಟ್ಯೂಬ್ ಬರುತ್ತವೆ. ಮಷಿನ್ ಪ್ಲೇಟ್‌ಲೆಟ್ 20,000 ಅನ್ನುತ್ತದೆ. ವಾರ್ಡಿನಲ್ಲಿ ಗಾಬರಿ. ಸ್ಮಿಯರ್ (ಸ್ಲೈಡಿನ ಮೇಲೆ ತೆಳುವಾಗಿ ಎಳೆದ ರಕ್ತ) ನೋಡಿದರೆ ತುದಿಯಲ್ಲಿ ಪ್ಲೇಟ್‌ಲೆಟ್ ಗುಂಪುಗುಂಪಾಗಿ ಅಂಟಿಕೊಂಡಿವೆ, ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಮಾಡಿದ ಚೇಷ್ಟೆ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತರಿಸಿ ನೋಡಿದರೆ ಸಂಖ್ಯೆ ಸರಿಯಾಗುತ್ತದೆ. ಲೀಶ್‌ಮನ್ ಸ್ಟೇನ್ (ರಕ್ತದ ಸ್ಲೈಡಿನ ಬಣ್ಣ) ಹಾಕುವುದು, ಮ್ಯಾರೋ ಸ್ಮಿಯರ್ ಎಳೆಯುವುದು ನಿಮ್ಮ ಕೈಯಿಂದಲೇ ಆಗಲಿ. ಎಫ್‌ಎನ್‌ಎಸಿ (ಗಂಟಿನಿಂದ ಸಣ್ಣ ಸೂಜಿಯಲ್ಲಿ ಜೀವಕೋಶ ತೆಗೆದು ನೋಡುವುದು) ಕೂಡ ಹಾಗೆ. ಸೂಜಿ ಚುಚ್ಚುವವರೂ ನೀವೇ, ಸ್ಲೈಡ್ ನೋಡುವವರೂ ನೀವೇ ಆಗಿದ್ದರೆ ತಪ್ಪು ಎಲ್ಲಿಯದು ಅಂತ ಗೊತ್ತಾಗುತ್ತದೆ. ನಮ್ಮ ಕೆಲಸದಲ್ಲಿ ಪೇಷಂಟ್ ಕೈಹಿಡಿದು “ಸ್ವಲ್ಪ ನೋಯುತ್ತಮ್ಮ” ಅನ್ನುವ ಜಾಗ ಇದೊಂದೇ.

ಥೀಸಿಸ್, ಜಿಲ್ಲಾ ಪೋಸ್ಟಿಂಗ್, ಪರೀಕ್ಷೆ

ಸಿನಾಪ್ಸಿಸ್ (ಥೀಸಿಸ್‌ನ ರೂಪುರೇಷೆ) ಮೊದಲ ಆರು ತಿಂಗಳಲ್ಲೇ ಕೊಡಬೇಕಾಗುತ್ತದೆ, ಅಂದರೆ ಪೆಥಾಲಜಿ ಅಂದರೆ ಏನು ಅಂತ ತಿಳಿಯುವ ಮೊದಲೇ. ಟಾಪಿಕ್ ಒಪ್ಪಿಕೊಳ್ಳುವ ಮುಂಚೆ ಡಿಪಾರ್ಟ್‌ಮೆಂಟಿನ ರಿಜಿಸ್ಟರ್ ತೆಗೆದು ಕಳೆದ ಎರಡು ವರ್ಷದಲ್ಲಿ ಅಂಥ ಕೇಸ್ ಎಷ್ಟು ಬಂದಿವೆ ಅಂತ ಎಣಿಸಿ. ವರ್ಷಕ್ಕೆ ಆರು ಕೇಸ್ ಬರುವ ಗಡ್ಡೆಯ ಮೇಲೆ ಅರವತ್ತು ಕೇಸಿನ ಥೀಸಿಸ್ ಒಪ್ಪಿಕೊಂಡವರು ಕೊನೆಗೆ ಊರೂರು ಅಲೆಯುತ್ತಾರೆ. ಇಮ್ಯುನೋ ಮಾರ್ಕರ್ ಇದ್ದರೆ ಆಂಟಿಬಾಡಿಯ ದುಡ್ಡು ಯಾರದು ಅಂತ ಮೊದಲೇ ಗೈಡ್ ಹತ್ತಿರ ಕೇಳಿ. ಸಂಕೋಚ ಬೇಡ. ಬಹಳ ಕಡೆ ಅದು ಪಿಜಿಯ ಜೇಬಿನಿಂದಲೇ ಹೋಗುತ್ತದೆ.

3 ತಿಂಗಳ ಜಿಲ್ಲಾ ರೆಸಿಡೆನ್ಸಿ (ಜಿಲ್ಲಾ ಆಸ್ಪತ್ರೆಯ ಪೋಸ್ಟಿಂಗ್) ಈಗ ಎಲ್ಲ ಪಿಜಿಗಳಿಗೂ ಕಡ್ಡಾಯ. ಮೂರರಿಂದ ಐದನೇ ಸೆಮಿಸ್ಟರ್ ಒಳಗೆ ಬರುತ್ತದೆ. ಅಲ್ಲಿ ಹಿಸ್ಟೋ ಇಲ್ಲ ಅಂತ ಗೊಣಗುವವರೇ ಜಾಸ್ತಿ. ನಾನು ಹೇಳುವುದು, ಅಲ್ಲಿನ ಬ್ಲಡ್ ಬ್ಯಾಂಕ್ ಮತ್ತು ಲ್ಯಾಬ್ ಹೇಗೆ ನಡೆಯುತ್ತದೆ ನೋಡಿ. ಮಷಿನ್ ಕೆಟ್ಟರೆ ಯಾರಿಗೆ ಫೋನ್, ರೀಏಜೆಂಟ್ ಖಾಲಿಯಾದರೆ ಏನು, ಕರೆಂಟ್ ಹೋದರೆ ಏನು. ಮುಂದೆ ನೀವೇ ಲ್ಯಾಬ್ ನಡೆಸುವಾಗ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಇದು ನೆರವಿಗೆ ಬರುತ್ತದೆ.

ಕೊನೆಯ ಪರೀಕ್ಷೆಗೆ 100 ಅಂಕದ ನಾಲ್ಕು ಥಿಯರಿ ಪೇಪರ್. ಥಿಯರಿಯಲ್ಲಿ ಹೆದರುವಂಥದ್ದೇನಿಲ್ಲ. ಪ್ರಾಕ್ಟಿಕಲ್‌ನಲ್ಲಿ ಸ್ಲೈಡ್, ಗ್ರಾಸ್, ಸೈಟಾಲಜಿ (ಬಿಡಿ ಜೀವಕೋಶಗಳ ಪರೀಕ್ಷೆ), ಹೆಮಟಾಲಜಿ, ಅಟಾಪ್ಸಿ, ವೈವಾ ಎಲ್ಲವೂ ಬರುತ್ತವೆ. ಹೊರಗಿನ ಎಕ್ಸಾಮಿನರ್ ಎದುರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಆದರೆ “ಇದು ಇರಬಹುದು, ಖಚಿತ ಮಾಡಲು ಈ ಈ ಇಮ್ಯುನೋ ಕೇಳುತ್ತೇನೆ” ಅಂತ ಸೇರಿಸಿ. ನಿಜವಾದ ಕೆಲಸದಲ್ಲೂ ಮಾಡುವುದು ಅದನ್ನೇ ಅಲ್ವಾ.

ಎಂಡಿ ಆದ ಮೇಲೆ

ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ (ಎಸ್‌ಆರ್) ಬೇಕು, ಆಮೇಲೆ ಅಸಿಸ್ಟೆಂಟ್ ಪ್ರೊಫೆಸರ್. ಎಸ್‌ಆರ್ ವರ್ಷವನ್ನು ಎಂಡಿ ಮಾಡಿದ ಕಾಲೇಜಿನಲ್ಲೇ ಮಾಡಬೇಡಿ. ಬೇರೆ ಆಸ್ಪತ್ರೆಯ ಬೇರೆ ಕೇಸು, ಬೇರೆಯವರ ಕಣ್ಣು ಸಿಗುತ್ತದೆ.

ಫೆಲೋಶಿಪ್, ಅಂದರೆ ಎಂಡಿ ನಂತರ ಒಂದೇ ವಿಷಯದಲ್ಲಿ ಪಡೆಯುವ ತರಬೇತಿ, ಬೇಕಾ? ಎಲ್ಲರಿಗೂ ಬೇಡ. ಹಾಸನದಲ್ಲೋ ಗದಗದಲ್ಲೋ ಲ್ಯಾಬ್ ನಡೆಸುವವರು ಎಲ್ಲವನ್ನೂ ಸುಮಾರಾಗಿ ಬಲ್ಲವರಾದರೆ ಸಾಕು. ದೊಡ್ಡ ಕ್ಯಾನ್ಸರ್ ಆಸ್ಪತ್ರೆ, ಟ್ರಾನ್ಸ್‌ಪ್ಲಾಂಟ್ ಕೇಂದ್ರ, ಕಾರ್ಪೊರೇಟ್ ರೆಫರೆನ್ಸ್ ಲ್ಯಾಬ್‌ಗೆ ಹೋಗುವವರಿಗೆ ಈಗ ಒಂದು ವಿಷಯದಲ್ಲಿ ಆಳ ಬೇಕೇ ಬೇಕು.

ರಕ್ತದ ಕಡೆ ಮನಸ್ಸಿದ್ದರೆ ಹೆಮಟೋಪೆಥಾಲಜಿಯಲ್ಲಿ ಡಿಎಂ (ಎಂಡಿಯ ಮೇಲಿನ ಡಿಗ್ರಿ) ಇದೆ, 3 ವರ್ಷ. ದೆಹಲಿ ಏಮ್ಸ್ ಮತ್ತು ಚಂಡೀಗಡದ ಪಿಜಿಐ ಇದಕ್ಕೆ ಹೆಸರಾದ ಕಡೆ. ಕ್ಯಾನ್ಸರ್‌ಗೆ ಮುಂಬೈನ ಟಾಟಾ ಮೆಮೋರಿಯಲ್. ಅಲ್ಲಿ ಒಂದು ದಿನದಲ್ಲಿ ಕಾಣುವ ಸಾರ್ಕೋಮಾಗಳನ್ನು (ಮೂಳೆ, ಸ್ನಾಯುವಿನಂಥ ಟಿಶ್ಯೂಗಳ ಕ್ಯಾನ್ಸರ್) ಸಣ್ಣ ಕಾಲೇಜಿನಲ್ಲಿ ಮೂರು ವರ್ಷದಲ್ಲೂ ಕಾಣುವುದಿಲ್ಲ. ಬೆಂಗಳೂರಿನಲ್ಲೇ ಕಿದ್ವಾಯಿ ಇದೆ. ಮೆದುಳು, ನರ, ಸ್ನಾಯು ಅಂದರೆ ನಿಮ್ಹಾನ್ಸ್‌ನ ನ್ಯೂರೋಪೆಥಾಲಜಿ ವಿಭಾಗ. ಅಲ್ಲಿನ ಮೆದುಳು ಮ್ಯೂಸಿಯಂಗೆ ಸಾಮಾನ್ಯ ಜನರೂ ಹೋಗಬಹುದು, ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಬಹುದು. ಮನೆಯಲ್ಲಿ “ಲ್ಯಾಬ್ ಡಾಕ್ಟರಾ?” ಅಂದವರನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿ. ಡಿಎಂ ಬೇಡ ಅನ್ನುವವರಿಗೆ ಒಂದು ವರ್ಷದ ಪಿಡಿಸಿಸಿ (ಎಂಡಿ ನಂತರದ ಸರ್ಟಿಫಿಕೇಟ್ ಕೋರ್ಸು), ಫೆಲೋಶಿಪ್‌ಗಳು ಬೇಕಾದಷ್ಟಿವೆ. ಸೇರುವ ಮುಂಚೆ ಸರ್ಟಿಫಿಕೇಟ್ ಕೊಡುವವರು ಯಾರು, ಯೂನಿವರ್ಸಿಟಿಯಾ ಬರೀ ಆಸ್ಪತ್ರೆಯಾ ಅಂತ ನೋಡಿ. ಫೆಲೋ ಅನ್ನುವ ಹೆಸರಿನಲ್ಲಿ ಅಗ್ಗದ ಕನ್ಸಲ್ಟೆಂಟ್ ಮಾಡಿಕೊಳ್ಳುವ ಜಾಗಗಳೂ ಇವೆ.

ಅಮೆರಿಕಕ್ಕೆ ಹೋಗಬೇಕು ಅನ್ನುವವರಿಗೆ ಕಹಿ ಮಾತು ಮೊದಲು. ನಿಮ್ಮ ಎಂಡಿ ಅಲ್ಲಿನ ರೆಸಿಡೆನ್ಸಿಗೆ (ಸ್ಪೆಷಲಿಸ್ಟ್ ತರಬೇತಿಗೆ) ಸಮ ಅಲ್ಲ, ಸಾಮಾನ್ಯವಾಗಿ ಮತ್ತೆ ಮೊದಲಿನಿಂದ ಮಾಡಬೇಕು. ಅನಾಟಮಿಕ್ (ಟಿಶ್ಯೂ) ಮತ್ತು ಕ್ಲಿನಿಕಲ್ (ರಕ್ತ, ಲ್ಯಾಬ್) ಪೆಥಾಲಜಿ ಎರಡೂ ಸೇರಿ 4 ವರ್ಷ. ಅದಕ್ಕೆ ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇಯ ಸ್ಟೆಪ್ 1, ಸ್ಟೆಪ್ 2 ಸಿಕೆ, ಇಂಗ್ಲಿಷ್‌ಗೆ ಒಇಟಿ ಪರೀಕ್ಷೆ, ಹೊರದೇಶದ ವೈದ್ಯರಿಗೆ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟ್, ಆಮೇಲೆ ಮಾರ್ಚ್‌ನಲ್ಲಿ ಮ್ಯಾಚ್ (ಸೀಟು ಹಂಚಿಕೆ). ಸ್ಟೆಪ್ 1ರಲ್ಲಿ 2022ರಿಂದ ಅಂಕವಿಲ್ಲ, ಬರೀ ಪಾಸು ಫೇಲು. ಹಾಗಾಗಿ ಸ್ಟೆಪ್ 2ರ ಅಂಕಕ್ಕೆ ತೂಕ ಬಂದಿದೆ. ರೆಸಿಡೆನ್ಸಿ ಮುಗಿದ ಮೇಲೆ ಅಲ್ಲಿ ಬಹಳ ಜನ ಒಂದೊಂದು ವರ್ಷದ ಫೆಲೋಶಿಪ್ ಮಾಡುತ್ತಾರೆ, ಕೆಲವರು ಎರಡು. ಹೋಗುವುದೇ ಖಚಿತ ಇದ್ದರೆ ಇಲ್ಲಿ 3 ವರ್ಷ ಕಳೆದು ಹೋಗುವುದಕ್ಕಿಂತ ಎಂಬಿಬಿಎಸ್ ಆದ ಕೂಡಲೇ ಹೊರಡಿ.

ಬ್ರಿಟನ್ ದಾರಿ ನಮ್ಮವರಿಗೆ ಸ್ವಲ್ಪ ಹತ್ತಿರ. ಇಲ್ಲಿ ಎಂಡಿ ಮಾಡಿ, ಕೆಲಸ ಮಾಡುತ್ತಲೇ ಅಲ್ಲಿನ ರಾಯಲ್ ಕಾಲೇಜಿನ ಪೆಥಾಲಜಿ ಪರೀಕ್ಷೆಯಾದ ಎಫ್‌ಆರ್‌ಸಿಪಾತ್ ಪಾರ್ಟ್ 1, ಪಾರ್ಟ್ 2 ಬರೆಯಬಹುದು. ಪಾರ್ಟ್ 2 ನಿಜಕ್ಕೂ ಕಷ್ಟ. ಸ್ಲೈಡ್, ಸೈಟಾಲಜಿ, ಫ್ರೋಜನ್ ಎಲ್ಲವನ್ನೂ ಗಡಿಯಾರ ನೋಡಿಕೊಂಡು ಬರೆಯಬೇಕು. ಪಾಸಾದರೆ ಅಲ್ಲಿ ರಿಜಿಸ್ಟ್ರೇಷನ್‌ಗೆ ದಾರಿ ಸುಗಮ.

ಊರಲ್ಲೇ ಲ್ಯಾಬ್ ಅಂದುಕೊಂಡವರಿಗೆ ಒಂದು ಮಾತು. ಪೆಥಾಲಜಿಯಲ್ಲಿ ಪಿಜಿ ಮಾಡಿದ ವೈದ್ಯರೇ ಲ್ಯಾಬ್ ರಿಪೋರ್ಟಿಗೆ ಸಹಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೆ ನಿಮ್ಮ ಸಹಿಗೆ ಬೆಲೆ ಬಂದಿದೆ. ಎಂಡಿ ರಿಸಲ್ಟ್ ಬಂದ ವಾರವೇ ಫೋನ್ ಬರುತ್ತದೆ: “ಡಾಕ್ಟ್ರೇ, ನೀವು ಬರೋದೇನೂ ಬೇಡ, ಹೆಸರು ಮತ್ತು ಸ್ಕ್ಯಾನ್ ಮಾಡಿದ ಸಹಿ ಕೊಟ್ಟರೆ ತಿಂಗಳಿಗೆ ಇಷ್ಟು.” ಫೋನ್ ಇಟ್ಟುಬಿಡಿ. ನೋಡದ ಲ್ಯಾಬಿನ ತಪ್ಪು ರಿಪೋರ್ಟಿಗೆ ಕೋರ್ಟಿಗೆ ಹೋಗುವವರು ನೀವು, ಫೋನ್ ಮಾಡಿದವರಲ್ಲ.

ಕಾಲೇಜು ಬಿಡುವ ದಿನ ಮರೆಯಬಾರದ್ದು: ಲಾಗ್‌ಬುಕ್‌ನ ಸಹಿ ಮಾಡಿದ ಪ್ರತಿ, ಎಷ್ಟು ತಿಂಗಳು ಯಾವ ಪೋಸ್ಟಿಂಗ್ ಅಂತ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಇಬ್ಬರು ಪ್ರೊಫೆಸರ್‌ಗಳಿಂದ ಶಿಫಾರಸು ಪತ್ರ. ಹೊರದೇಶದವರು ಎಷ್ಟೋ ವರ್ಷದ ನಂತರ ಇವನ್ನು ಕೇಳುತ್ತಾರೆ, ಅಷ್ಟರಲ್ಲಿ ನಿಮ್ಮ ಎಚ್‌ಒಡಿ ರಿಟೈರ್ ಆಗಿರುತ್ತಾರೆ. ಡಿಗ್ರಿ ಕೈಗೆ ಬಂದ ಕೂಡಲೇ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆ ಅಂತ ದಾಖಲು ಮಾಡಿಸಿ. ಹಾಸ್ಟೆಲ್ ರೂಮ್ ಖಾಲಿ ಮಾಡುವಾಗ ಆ ತಪ್ಪುಗಳ ನೋಟ್‌ಬುಕ್ ರದ್ದಿಗೆ ಹೋಗದ ಹಾಗೆ ನೋಡಿಕೊಳ್ಳಿ. ನನ್ನ ಮೂರರಲ್ಲಿ ಒಂದು ಹಾಗೇ ಹೋಯಿತು.